ಕಂಚಿನ ಪದಕಕ್ಕೆ ಎರಡು ಮುಖ

(ಬೆಳ್ಳಿಹಬ್ಬದ ಸಿದ್ಧತೆಗಾಗಿ ಕರೆದಿದ್ದ ವಿಶೇಷ ಸರ್ವಸದಸ್ಯರ ಸಭೆಯಲ್ಲಿ, ಪದಕದ ಉಪಸಮಿತಿಯ ಪರವಾಗಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಭಾಷಣ ಮಾಡುವ ಪೈಕಿಯವರಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ. ಆಮೇಲೆ ಓದಿದ್ದೆಲ್ಲ ಹಸುವಿನ ಕಣ್ಣು, ಮೋಡದ ಬಣ್ಣ ಮತ್ತು ಸಂಘದ ಪಾಸ್‌ಪುಸ್ತಕ. ಆದರೆ ಹೋದ ಸಭೆಯಲ್ಲಿ ಒಂದು ಪ್ರಶ್ನೆ ಬಂತು, ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬೆಳ್ಳಿಹಬ್ಬದ ನೆನಪಿಗೆ ಸ್ಥಾಪಕ ಅಧ್ಯಕ್ಷರ ಮುಖ ಇರುವ ಒಂದು ಕಂಚಿನ ಪದಕ ಮಾಡಿಸಿ, ಸ್ಥಾಪಕ ಸದಸ್ಯರಿಗೆ ಕೊಡೋಣ ಅಂತ ಮಂಡಳಿ ಪ್ರಸ್ತಾಪ ಇಟ್ಟಿತ್ತು. ಆಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತು ಕೇಳಿದರು: "ಹಿಂಡಿ ಬೂಸಾ ಬೆಲೆ ಈ ಪರಿ ಏರಿ ಕೂತಿದೆ. ಕಂಚಿನ ಬಿಲ್ಲೆ ಹಸ ತಿನ್ನುತ್ತೇನಪ್ಪಾ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ರಾತ್ರಿ ಮಲಗಿದಾಗ ನಗು ಬರಲಿಲ್ಲ. ಕೇಳಿದ್ದು ಸರಿಯಾದ ಮಾತೇ. ಹಸು ತಿನ್ನದ ವಸ್ತುವಿಗೆ ಸಂಘದವರು ಯಾಕೆ ದುಡ್ಡು ಹಾಕಬೇಕು? ಮಂಡಳಿಯವರು ಮೂರು ಜನರ ಉಪಸಮಿತಿ ಮಾಡಿ, ವಿಚಾರಿಸಿಕೊಂಡು ಬಂದು ಸಭೆಗೆ ಹೇಳಿ ಅಂದರು. ನಮ್ಮ ಊರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಜೊತೆಗಿದ್ದರು. ಅವರ ಹತ್ತಿರದ ಪುಸ್ತಕಗಳನ್ನು ನೋಡಿದೆವು, ಎರಕ ಹೊಯ್ಯುವವರ ಮನೆಗೂ ಹೋಗಿ ಬಂದೆವು. ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇವೆ. ತೀರ್ಮಾನ ತಮ್ಮದು.

ಮೊದಲು ಒಂದು ಮಾತು. ಪದಕ ಬೇರೆ, ನಾಣ್ಯ ಬೇರೆ. ನಾಣ್ಯಕ್ಕೆ ಬೆಲೆ ಇದೆ, ಅಂಗಡಿಯಲ್ಲಿ ನಡೆಯುತ್ತೆ. ನಾವು ಹೇಳುತ್ತಿರುವ ಪದಕಕ್ಕೆ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವೂ ಸಿಗಲ್ಲ. ಆಟದಲ್ಲಿ ಗೆದ್ದವರ ಕೊರಳಿಗೆ ಹಾಕುವ ಪದಕವೂ ಅಲ್ಲ ಇದು. ಒಬ್ಬ ಮನುಷ್ಯನನ್ನೋ ಒಂದು ಸಂದರ್ಭವನ್ನೋ ನೆನಪಿಟ್ಟುಕೊಳ್ಳಲಿಕ್ಕೆ ಮಾಡಿದ, ಅಂಗೈಯಲ್ಲಿ ಹಿಡಿಯುವಂಥ ಒಂದು ಬಿಲ್ಲೆ. ಒಂದು ಕಡೆ ಮುಖ, ಇನ್ನೊಂದು ಕಡೆ ಆ ಮನುಷ್ಯ ಏನು ಅನ್ನುವುದನ್ನು ಹೇಳುವ ಒಂದು ಚಿತ್ರ. ಅಷ್ಟೇ.

ಇದು ಶುರುವಾದದ್ದು ಇಟಲಿ ದೇಶದಲ್ಲಿ, ಈಗ್ಗೆ ಆರುನೂರು ವರ್ಷದ ಹತ್ತಿರ ಹತ್ತಿರ. 1438 ರಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಎಂಟನೇ ಜಾನ್ ಪೇಲಿಯೊಲೊಗಸ್ ಅನ್ನುವವರು ಇಟಲಿಯ ಫೆರಾರಾ ಪಟ್ಟಣಕ್ಕೆ ಬಂದರು. ಅವರ ರಾಜ್ಯವನ್ನು ತುರ್ಕರು ಸುತ್ತಲಿಂದ ಮುತ್ತಿ, ಉಳಿದಿದ್ದು ಅಂಗೈ ಅಗಲ. ಬೇರೆ ಬೇರೆಯಾಗಿದ್ದ ಎರಡು ಕ್ರೈಸ್ತ ಸಭೆಗಳನ್ನು ಒಂದು ಮಾಡಿ, ಪಶ್ಚಿಮದವರ ಸಹಾಯ ಕೇಳಲಿಕ್ಕೆ ಅಂತ ದೊಡ್ಡ ಪರಿವಾರ ಕಟ್ಟಿಕೊಂಡು ಬಂದಿದ್ದರು. ಅಲ್ಲಿ ಪಿಸನೆಲ್ಲೊ ಅಂತ ಒಬ್ಬ ಚಿತ್ರಕಾರ ಇದ್ದ. ಅವನು ಚಕ್ರವರ್ತಿಯನ್ನು ನೋಡಿ ಒಂದು ಪದಕ ಮಾಡಿದ. ಅಗಲ ಸುಮಾರು 10 ಸೆಂಟಿಮೀಟರ್, ಅಂದರೆ ನಮ್ಮ ಮನೆಯ ಕಾಫಿ ಲೋಟ ಇಡುವ ಸಾಸರ್‌ಗಿಂತ ಚಿಕ್ಕದು. ಮುಖಚಿತ್ರದ ಪದಕಗಳಲ್ಲಿ ಇದೇ ಮೊದಲನೆಯದು ಅಂತ ತಿಳಿದವರು ಹೇಳುತ್ತಾರೆ.

ಒಂದು ಕಡೆ ಚಕ್ರವರ್ತಿಯ ಪಕ್ಕದ ಮುಖ. ಚೂಪು ಗಡ್ಡ, ಭುಜಕ್ಕೆ ಇಳಿದ ಗುಂಗುರು ಕೂದಲು, ತಲೆ ಮೇಲೆ ಎತ್ತರದ ವಿಚಿತ್ರ ಟೋಪಿ, ಅದರ ಮುಂಭಾಗ ಹಕ್ಕಿ ಕೊಕ್ಕಿನ ಹಾಗೆ ಚಾಚಿಕೊಂಡಿದೆ. ಸುತ್ತ ಗ್ರೀಕ್ ಅಕ್ಷರದಲ್ಲಿ ಹೆಸರು, ಬಿರುದು. ತಿರುಗಿಸಿದರೆ ಅದೇ ಚಕ್ರವರ್ತಿ ಬೇಟೆಯ ಉಡುಪಿನಲ್ಲಿ ಕುದುರೆ ಮೇಲೆ ಕೂತಿದ್ದಾರೆ. ದಾರಿಬದಿಯ ಶಿಲುಬೆ ಕಂಡು ಕುದುರೆ ನಿಲ್ಲಿಸಿ ಪ್ರಾರ್ಥನೆ ಮಾಡುತ್ತಿದ್ದಾರೆ. ಅವರ ಹಿಂದೆ ಇನ್ನೊಂದು ಕುದುರೆ, ಅದರ ಬೆನ್ನು ನಮ್ಮ ಕಡೆಗಿದೆ, ಅದರ ಮೇಲೊಬ್ಬ ಹುಡುಗ. ಹಿಂದೆ ಬರೀ ಬಂಡೆಕಲ್ಲು.

ನೋಡಿ, ಒಂದು ತಟ್ಟೆ ಅಗಲವೂ ಇಲ್ಲದ ಜಾಗದಲ್ಲಿ ಆ ಚಿತ್ರಕಾರ ಒಂದು ಬಾಳನ್ನೇ ಹೇಳಿದ್ದಾನೆ. ಕಷ್ಟಕಾಲದ ದೊರೆ, ದಾರಿಯ ನಡುವೆ ದೇವರನ್ನು ಕೇಳಿಕೊಳ್ಳುತ್ತಿದ್ದಾನೆ. ಕೇಳಿಕೊಂಡದ್ದು ನಡೆಯಲಿಲ್ಲ. ಚಕ್ರವರ್ತಿ 1448 ರಲ್ಲಿ ತೀರಿಕೊಂಡರು, 1453 ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಹೋಯಿತು. ರಾಜ್ಯ ಹೋಯಿತು, ಸಿಂಹಾಸನ ಹೋಯಿತು. ಆ ಅಂಗೈ ಅಗಲದ ಕಂಚು ಉಳಿಯಿತು. ಅವರ ಮೂಗು, ಗಡ್ಡ, ಟೋಪಿ ಹೇಗಿತ್ತು ಅಂತ ಇವತ್ತಿಗೂ ನಮಗೆ ಗೊತ್ತು.

ಪಕ್ಕದ ಮುಖವನ್ನೇ ಯಾಕೆ ಮಾಡಿದರು ಅಂತ ನಾವು ಮೇಷ್ಟ್ರನ್ನು ಕೇಳಿದೆವು. ಹಳೇ ರೋಮನ್ ನಾಣ್ಯಗಳಲ್ಲಿ ಹಾಗಿತ್ತು, ಅದನ್ನು ಅವರು ಅನುಸರಿಸಿದರು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಕೆಲಸದ್ದು. ಪದಕದ ಉಬ್ಬು ಬಹಳ ಕಮ್ಮಿ, ರಾಗಿರೊಟ್ಟಿಯ ದಪ್ಪವೂ ಇರಲ್ಲ. ಎದುರು ಮುಖ ಮಾಡಿದರೆ ಮೂಗು ಮುಂದಕ್ಕೆ ಬರಬೇಕು, ಕೈ ಕೈ ಬದಲಾದಂತೆ ಮೊದಲು ಸವೆಯುವುದೂ ಅದೇ. ಪಕ್ಕದ ಮುಖವಾದರೆ ಹಣೆ, ಮೂಗು, ತುಟಿ, ಗಲ್ಲ ಎಲ್ಲ ಒಂದೇ ಗೆರೆಯಲ್ಲಿ ಬರುತ್ತೆ. ಮನುಷ್ಯನ ಗುರುತು ಇರುವುದೇ ಆ ಗೆರೆಯಲ್ಲಿ. ಸಂಜೆ ಹೊತ್ತು ದೂರದ ಬದುವಿನ ಮೇಲೆ ಯಾರೋ ನಡೆದು ಹೋಗುತ್ತಿದ್ದರೆ, ಕಣ್ಣು ಬಾಯಿ ಏನೂ ಕಾಣದಿದ್ದರೂ ಇಂಥವರೇ ಅಂತ ಹೇಳಲ್ಲವೇ ನಾವು? ಹಾಗೆ.

ಇನ್ನು ಹಿಂದಿನ ಮುಖದ ಸಂಗತಿ. ಅಲ್ಲಿ ಏನಾದರೂ ಹಾಕಬಹುದು ಅಂತಲ್ಲ, ಆ ಮನುಷ್ಯನಿಗೆ ಮಾತ್ರ ಸಲ್ಲುವಂಥದ್ದನ್ನು ಹಾಕಬೇಕು. ಫೆರಾರಾದ ದೊರೆ ಲಿಯೊನೆಲ್ಲೊ ದೆಸ್ತೆ ಅಂತ. ಲಿಯೊನೆಲ್ಲೊ ಅಂದರೆ ಮರಿಸಿಂಹ. 1444 ರಲ್ಲಿ ಅವನ ಮದುವೆ ಆಯಿತು. ಪಿಸನೆಲ್ಲೊ ಪದಕದ ಹಿಂದೆ ಏನು ಮಾಡಿದ ಗೊತ್ತೆ? ಒಂದು ಸಿಂಹ ನಿಂತಿದೆ, ಅದರ ಮುಂದೆ ಪುಟ್ಟ ಮನ್ಮಥ ಹಾಡಿನ ಹಾಳೆ ಬಿಡಿಸಿ ಹಿಡಿದುಕೊಂಡು ಸಿಂಹಕ್ಕೆ ಸಂಗೀತ ಕಲಿಸುತ್ತಿದ್ದಾನೆ. ಮದುವೆಯಾದ ಮೇಲೆ ಸಿಂಹವೂ ಹೇಳಿಕೊಟ್ಟ ಹಾಗೆ ಹಾಡಬೇಕು ಅಂತ! ನಮ್ಮ ಊರ ಗಂಡಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಪದಕ 1447 ರದ್ದು. ಮಾಂಟುವಾ ದೊರೆಯ ಮಗಳು ಸಿಸಿಲಿಯಾ ಗೊನ್ಸಾಗಾ ಅಂತ. ಚಿಕ್ಕಂದಿನಲ್ಲೇ ಗ್ರೀಕ್ ಓದಿದ ಬುದ್ಧಿವಂತೆ. ಅಪ್ಪ ಒಬ್ಬ ಶ್ರೀಮಂತ ಮನೆತನದ ಹುಡುಗನಿಗೆ ಮದುವೆ ಮಾಡಿಕೊಡಬೇಕು ಅಂತ. ಈಕೆ ಒಪ್ಪಲಿಲ್ಲ, ಸನ್ಯಾಸಿನಿ ಆಗುತ್ತೇನೆ ಅಂದಳು. ಅಪ್ಪ 1444 ರಲ್ಲಿ ತೀರಿಕೊಂಡ ಮೇಲೆ ಮಠ ಸೇರಿದಳು. ಪಿಸನೆಲ್ಲೊ ಅವಳ ಪದಕದ ಹಿಂದೆ ಒಬ್ಬ ಹುಡುಗಿ, ಅವಳ ಮಡಿಲ ಹತ್ತಿರ ತಲೆಯಿಟ್ಟು ಮಲಗಿದ ಒಂಟಿಕೊಂಬಿನ ಮೃಗ, ಆಕಾಶದಲ್ಲಿ ಎಳೇ ಚಂದ್ರ ಮಾಡಿದ. ಆ ಮೃಗ ಯಾವ ಬೇಟೆಗಾರನಿಗೂ ಸಿಕ್ಕುವುದಿಲ್ಲ, ಕನ್ಯೆಯ ಮುಂದೆ ಮಾತ್ರ ಪಳಗುತ್ತೆ ಅನ್ನುವುದು ಅಲ್ಲಿಯವರ ನಂಬಿಕೆ. ಸೈನ್ಯ ಇಲ್ಲ, ಕಿರೀಟ ಇಲ್ಲ. ತನ್ನ ಬಾಳನ್ನು ತಾನೇ ಆರಿಸಿಕೊಂಡ ಒಬ್ಬ ಹೆಣ್ಣುಮಗಳ ಹಟ ಆ ಕಂಚಿನ ಮೇಲಿದೆ.

1478 ರಲ್ಲಿ ಫ್ಲಾರೆನ್ಸ್ ಪಟ್ಟಣದ ದೊಡ್ಡ ಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದಾಗ ಮೆಡಿಚಿ ಮನೆತನದ ಅಣ್ಣತಮ್ಮಂದಿರ ಮೇಲೆ ಶತ್ರುಗಳು ಬಿದ್ದರು. ತಮ್ಮ ಜೂಲಿಯಾನೊ ಅಲ್ಲೇ ಸತ್ತ, ಅಣ್ಣ ಲೊರೆಂಜೊ ಗಾಯಗೊಂಡು ಉಳಿದ. ಬೆರ್ಟೊಲ್ಡೊ ಅನ್ನುವ ಶಿಲ್ಪಿ ಅದಕ್ಕೊಂದು ಪದಕ ಮಾಡಿದ. ಒಂದು ಕಡೆ ಅಣ್ಣನ ಮುಖ, ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಜನರ ಕ್ಷೇಮ' ಅನ್ನುವ ಬರಹ. ಇನ್ನೊಂದು ಕಡೆ ತಮ್ಮನ ಮುಖ, 'ಜನರ ದುಃಖ' ಅನ್ನುವ ಬರಹ. ಎರಡು ಮುಖದ ಕೆಳಗೂ ಆ ಹೊಡೆದಾಟದ ಚಿತ್ರ. ಅಂಗೈಯಲ್ಲಿ ತಿರುಗಿಸಿದರೆ ಕ್ಷೇಮ, ಮತ್ತೆ ತಿರುಗಿಸಿದರೆ ದುಃಖ. ಎರಡೂ ಒಂದೇ ಲೋಹ.

ಈಗ ಮಾಡುವ ವಿಧಾನ ಹೇಳುತ್ತೇವೆ. ಇದು ನಮಗೆ ದೂರದ್ದಲ್ಲ. ಪಿಸನೆಲ್ಲೊ ಮಾಡಿದ್ದು ಎರಕದ ಪದಕ. ಮೊದಲು ಮೇಣದಲ್ಲಿ ಉಬ್ಬುಚಿತ್ರ ತಿದ್ದುವುದು, ಅದರಿಂದ ನಯವಾದ ಮಣ್ಣಿನ ಅಚ್ಚು ತೆಗೆಯುವುದು, ಅಚ್ಚಿಗೆ ಕಾದ ಕಂಚು ಹೊಯ್ಯುವುದು, ಆರಿದ ಮೇಲೆ ಉಳಿಯಿಂದ ಒರಟು ತೆಗೆಯುವುದು. ಮೇಣದ ಎರಕದ ವಿದ್ಯೆ ನಮ್ಮ ನಾಡಿನಲ್ಲಿ ಅದಕ್ಕಿಂತ ಹಳೆಯದು. ಕಲ್ಯಾಣದ ಚಾಳುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ' ಅನ್ನುವ ಸಂಸ್ಕೃತ ಗ್ರಂಥದಲ್ಲಿ ಮೇಣದ ಗೊಂಬೆ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಪೊಳ್ಳಿಗೆ ಲೋಹ ಹೊಯ್ಯುವ ಕ್ರಮ ಹೇಳಿದೆ. ಮೇಣ ತೂಗಿ, ಅದರ ಲೆಕ್ಕದ ಮೇಲೆ ಲೋಹ ತೂಗಬೇಕು ಅಂತಲೂ ಇದೆ. ಇವತ್ತಿನ ಲೆಕ್ಕದಲ್ಲಿ ಒಂದು ತೂಕ ಮೇಣದ ಜಾಗ ತುಂಬಲಿಕ್ಕೆ ಸುಮಾರು ಒಂಬತ್ತು ತೂಕ ಕಂಚು ಬೇಕು. ನಾಗಮಂಗಲದ ಕಡೆ ವಿಗ್ರಹ ಎರಕ ಹೊಯ್ಯುವ ಮನೆತನಗಳು ಹೆಸರಾದವು, ತಮಗೂ ಗೊತ್ತು.

ಎರಕದವರ ಮನೆಯಲ್ಲಿ ನಾವು ಕೂತು ನೋಡಿದೆವು. ತಾಮ್ರ ಕರಗಲಿಕ್ಕೆ 1084 ಡಿಗ್ರಿ ಶಾಖ ಬೇಕು. ಅದಕ್ಕೆ ನೂರಕ್ಕೆ ಹತ್ತರಷ್ಟು ತವರ ಸೇರಿಸಿದರೆ ಕಂಚು. ತವರ ಸೇರಿದ ಮೇಲೆ ಕಮ್ಮಿ ಶಾಖಕ್ಕೇ ಕರಗುತ್ತೆ, ಸಣ್ಣ ಸಣ್ಣ ಗೆರೆಗೂ ಹರಿದು ಹೋಗುತ್ತೆ, ಆರಿದ ಮೇಲೆ ತಾಮ್ರಕ್ಕಿಂತ ಗಟ್ಟಿ. ಬರೀ ತಾಮ್ರ ಅಷ್ಟು ಸಲೀಸಾಗಿ ಅಚ್ಚು ತುಂಬಲ್ಲ. ಆ ಮನೆಯ ಯಜಮಾನರು ಒಂದು ಮಾತು ಹೇಳಿದರು: "ಸ್ವಾಮಿ, ಮೇಣದಲ್ಲಿ ತಪ್ಪಿದ್ರೆ ಹೆಬ್ಬೆಟ್ಟಲ್ಲಿ ಒತ್ತಿ ಸರಿ ಮಾಡಬೌದು. ಕಂಚಾದ ಮೇಲೆ ತಪ್ಪೂ ಕಂಚೇ." ಈ ಮಾತನ್ನು ತಾವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತೆ.

ಇನ್ನೊಂದು ವಿಷಯ. ಕಂಚು ಆರುವಾಗ ಸ್ವಲ್ಪ ಕುಗ್ಗುತ್ತೆ. ಆದ್ದರಿಂದ ಪದಕದ ಮೇಲಿಂದ ಅಚ್ಚು ತೆಗೆದು ಮತ್ತೊಂದು ಎರಕ ಹೊಯ್ದರೆ ಅದು ಮೂಲಕ್ಕಿಂತ ಕೂದಲೆಳೆ ಚಿಕ್ಕದಾಗುತ್ತೆ, ಗೆರೆಗಳೂ ಮಂಕಾಗುತ್ತವೆ. ಹಳೇ ಪದಕ ಅಸಲೋ ನಕಲೋ ಅಂತ ನೋಡುವವರು ಅಡ್ಡಳತೆ ಅಳೆದು ನೋಡುವುದುಂಟು. ಠಸ್ಸೆ ಹೊಡೆದು ಮಾಡುವ ಪದಕ ಬೇರೆ. ಉಕ್ಕಿನ ಎರಡು ಅಚ್ಚಿನ ನಡುವೆ ಬಿಲ್ಲೆ ಇಟ್ಟು ಒತ್ತುವುದು. ಸಾವಿರಗಟ್ಟಲೆ ಬೇಕಾದರೆ ಅದು ಸಲೀಸು. ನಮಗೆ ಬೇಕಾಗಿರುವುದು ಐವತ್ತು ಚಿಲ್ಲರೆ, ಆದ್ದರಿಂದ ಎರಕವೇ ಸರಿ ಅನ್ನುವುದು ಉಪಸಮಿತಿಯ ಅಭಿಪ್ರಾಯ. ಪಟ್ಟಣದ ಅಂಗಡಿಯವರು ತೋರಿಸಿದ ಸಿದ್ಧ ಪದಕದಲ್ಲಿ ಹಿತ್ತಾಳೆ ಮೇಲೆ ಚಿನ್ನದ ಬಣ್ಣ, ಹಿಂದೆ ಒಂದು ಹಸು, ಒಂದು ಕ್ಯಾನು. ಆ ಹಸು ಯಾವ ಊರಿನ ಸಂಘಕ್ಕಾದರೂ ಸಲ್ಲುತ್ತೆ. ಯಾವ ಊರಿಗಾದರೂ ಸಲ್ಲುವುದು ನಮ್ಮ ಊರಿಗೆ ಸಲ್ಲುವುದಲ್ಲ ಅಂತ ಬಿಟ್ಟು ಬಂದೆವು.

ಇಷ್ಟು ಹೇಳಿದ ಮೇಲೆ ಪದಕದ ಕೆಟ್ಟ ಗುಣವನ್ನೂ ಹೇಳಬೇಕು. ಪದಕ ಸುಳ್ಳು ಹೇಳಬಲ್ಲದು. ದುಡ್ಡು ಕೊಟ್ಟು ಮಾಡಿಸುವವನಿಗೆ ಹೇಗೆ ಬೇಕೋ ಹಾಗೆ ಅದು ಇರುತ್ತೆ. ರಿಮಿನಿ ಅನ್ನುವ ಊರಿನ ದೊರೆ ಸಿಗಿಸ್ಮೊಂಡೊ ಮಲಟೆಸ್ಟಾ ತನ್ನ ಮುಖದ ಪದಕಗಳನ್ನು ಮಾಡಿಸಿ, ತಾನು ಕಟ್ಟಿಸಿದ ಕೋಟೆಯ ಗೋಡೆಯೊಳಗೆ ಇಡಿಸಿದ. ಮುಂದೆ ಎಂದೋ ಗೋಡೆ ಬಿದ್ದರೂ ತನ್ನ ಹೆಸರು ಸಿಗಲಿ ಅಂತ. ಪದಕದಲ್ಲಿ ಅವನು ಮಹಾಶೂರ. ಅದೇ ಮನುಷ್ಯನ ಪ್ರತಿಕೃತಿಯನ್ನು 1462 ರಲ್ಲಿ ಪೋಪರ ಕಡೆಯವರು ರೋಮಿನಲ್ಲಿ ಸುಟ್ಟರು, ಅಷ್ಟು ಆರೋಪ ಅವನ ಮೇಲಿತ್ತು. ಕಂಚಿನ ಮೇಲೆ ಅದರ ಸುದ್ದಿ ಇಲ್ಲ.

ಮೊದಲು ಹೇಳಿದ ಚಕ್ರವರ್ತಿಯ ಸಂಗತಿಯೂ ಹಾಗೇ. ಫೆರಾರಾದಲ್ಲಿದ್ದಾಗ ಅವರಿಗೆ ಬೇಟೆಯ ಹುಚ್ಚು. ಅವರ ಬೇಟೆಯಿಂದ ಹಳ್ಳಿಯವರ ಸೊತ್ತು ಹಾಳಾಗುತ್ತಿದೆ, ಸ್ವಲ್ಪ ಕಮ್ಮಿ ಮಾಡಿ ಅಂತ ಅಲ್ಲಿಯ ದೊರೆಯೇ ಹೇಳಿ ಕಳಿಸಬೇಕಾಯಿತಂತೆ. ನಾವು ರೈತರು. ಬೆಳೆದ ಪೈರಿನಲ್ಲಿ ಕುದುರೆ ಓಡಿದರೆ ಏನಾಗುತ್ತೆ ಅಂತ ನಮಗೆ ಗೊತ್ತು. ಪದಕದಲ್ಲಿ ಚಕ್ರವರ್ತಿ ಪ್ರಾರ್ಥನೆ ಮಾಡುತ್ತಿದ್ದಾರೆ, ಕುದುರೆ ನಿಂತಿದೆ, ಕೆಳಗೆ ಬಂಡೆಕಲ್ಲು. ತುಳಿದ ಪೈರು ಎಲ್ಲೂ ಇಲ್ಲ. ಆ ಪದಕ ಎಷ್ಟು ಚೆಂದ ಇದ್ದರೂ ಇದನ್ನು ಓದಿದ ಮೇಲೆ ನಮ್ಮ ಕಣ್ಣು ಆ ಕುದುರೆಯ ಕಾಲ ಕೆಳಗೇ ಹೋಗುತ್ತೆ.

ಆದ್ದರಿಂದ ನಾವು ನಮ್ಮನ್ನೇ ಕೇಳಿಕೊಂಡೆವು: ನಮ್ಮ ಸಂಘದ ಪದಕದ ಕೆಳಗೆ ಯಾರದಾದರೂ ಪೈರು ತುಳಿದಿದೆಯೇ?

ಸ್ಥಾಪಕ ಅಧ್ಯಕ್ಷರ ಮುಖದ ವಿಚಾರದಲ್ಲಿ ಯಾರದೂ ತಕರಾರಿಲ್ಲ. ಡೇರಿ ಬೇಡ, ವ್ಯಾಪಾರಿಗೆ ಹಾಕುವ ಹಾಲೇ ಸಾಕು ಅಂತ ಊರೇ ಅಂದಾಗ ಮನೆ ಮನೆ ಬಾಗಿಲಿಗೆ ಹೋಗಿ ಷೇರು ಕಟ್ಟಿಸಿದವರು ಅವರು. ರಸ್ತೆ ಇಲ್ಲದ ಮಳೆಗಾಲದಲ್ಲಿ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ ಮುಖ್ಯರಸ್ತೆವರೆಗೆ ತಳ್ಳಿಕೊಂಡು ಹೋದವರು. ಆದರೆ ಅವರ ಪಕ್ಕದ ಮುಖದ ಫೋಟೋ ಒಂದೂ ಸಿಗಲಿಲ್ಲ. ಇರುವ ಫೋಟೋದಲ್ಲೆಲ್ಲ ಎದುರು ನಿಂತಿದ್ದಾರೆ, ಕೊರಳು ಮುಚ್ಚುವಷ್ಟು ಹಾರ. ಅದಕ್ಕೇ ಮೇಷ್ಟ್ರನ್ನು ಕರೆದುಕೊಂಡು ಅವರ ಮನೆಯವರ ಹತ್ತಿರ ಹೋದೆವು. ಆ ತಾಯಿ ಮಗ್ಗುಲಲ್ಲಿ ಕೂತು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು, ಮೂಗು ಹೀಗೆ, ಟವೆಲ್ಲು ಸುತ್ತುತ್ತಿದ್ದದ್ದು ಹೀಗೆ ಅಂತ. ಮೇಷ್ಟ್ರು ನೋಡಿ ನೋಡಿ ಬರೆದರು. ನಾಲ್ಕನೇ ಸಲಕ್ಕೆ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಈಗ ಬಂದ್ರು" ಅಂದರು.

ಹೊರಡುವಾಗ ಆಕೆ ನಮ್ಮನ್ನು ಕೇಳಿದರು: "ಪದಕ ಯಾರ್ ಯಾರಿಗೆ ಕೊಡ್ತೀರಪ್ಪಾ?" ನಾವು ಪಟ್ಟಿ ಓದಿದೆವು, ಐವತ್ತೊಂದು ಹೆಸರು. ಆಕೆ ಕೇಳಿಸಿಕೊಂಡು, "ಒಂದು ಬಿಟ್ಟೋಗದೆ. ಗುಡಿ ಪಕ್ಕದ ಮನೆ ಅಕ್ಕನ ಹೆಸರು ಇಲ್ಲ" ಅಂದರು.

ಬಂಧುಗಳೇ, ಇಲ್ಲಿ ಸ್ವಲ್ಪ ಸಮಾಧಾನದಿಂದ ಕೇಳಬೇಕು. ಆ ತಾಯಿ ಸಂಘ ಶುರುವಾದ ಮೊದಲ ದಿನ, ಮೊದಲನೇ ಸೇರು ಹಾಲು ಹಾಕಿದವರು. ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು. ಮೂರನೇ ವರ್ಷದಲ್ಲಿ ಅವರ ಹಾಲಿನಲ್ಲಿ ನೀರಿದೆ ಅಂತ ತಗಾದೆ ಬಂತು. ಲ್ಯಾಕ್ಟೋಮೀಟರ್ ದಿನಾ ಕಮ್ಮಿ ತೋರಿಸುತ್ತಿತ್ತು. ಎಲ್ಲರೆದುರು ಹಾಲು ವಾಪಸು ಮಾಡಿದೆವು. ಆಕೆ ದೇವರ ಆಣೆ ಇಟ್ಟರು, ನಾವು ಕೇಳಲಿಲ್ಲ. ಷೇರು ಹಣ ವಾಪಸು ಕೊಟ್ಟು ಹೆಸರು ಹೊಡೆದು ಹಾಕಿದ್ದಾಯಿತು.

'ನಾವು' ಅಂತ ಹೇಳುತ್ತಿದ್ದೇವೆ. ಇಲ್ಲಿ ನಾವು ಅಂದರೆ ಬರೀ ಆಡಳಿತ ಮಂಡಳಿ ಅಲ್ಲ. ಆಗ ಇಪ್ಪತ್ತರ ಆಸುಪಾಸಿನ ಹುಡುಗನಾಗಿ ಹಾಲು ಅಳೆಯಲಿಕ್ಕೆ ನಿಂತಿದ್ದು, ಆಕೆಯ ಹಾಲು ಅಳೆದ ಕೈ, ಈಗ ಈ ಮೈಕು ಹಿಡಿದಿರುವ ಕೈಯೇ.

ತಪ್ಪು ಎಲ್ಲಿತ್ತು ಅಂತ ಆಮೇಲೆ ತರಬೇತಿಗೆ ಹೋದಾಗ ತಿಳಿಯಿತು. ಆಗ ತಾನೇ ಕರೆದ ಬಿಸಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಅದು ಕೆಳಕ್ಕೆ ಮುಳುಗುತ್ತೆ, ರೀಡಿಂಗ್ ಕಮ್ಮಿ ಬರುತ್ತೆ. ನೊರೆ ಇಳಿದು ಆರಿದ ಮೇಲೆ ನೋಡಬೇಕು, ಶಾಖ ನೋಡಿ ಲೆಕ್ಕ ಸರಿದೂಗಿಸಬೇಕು. ಆ ತಾಯಿಯ ಮನೆ ಡೇರಿಯ ಪಕ್ಕದಲ್ಲೇ. ಕೊಟ್ಟಿಗೆಯಿಂದ ಎದ್ದು ನೇರ ತಂದು ಹಾಕುತ್ತಿದ್ದರು. ಊರಿಗೆಲ್ಲ ಹೋಲಿಸಿದರೆ ಬಹಳ ತಾಜಾ ಹಾಲು ಅವರದು. ತಾಜಾ ಆದದ್ದಕ್ಕೇ ಅದು ನೀರು ಅನ್ನಿಸಿಕೊಂಡಿತು. ಇದು ತಿಳಿದ ದಿನ ಅಧ್ಯಕ್ಷರು ಅವರ ಮನೆಗೆ ಹೋಗಿ ಕೈ ಮುಗಿದರು. ನಾವು ಹೋಗಲಿಲ್ಲ, ಮುಖ ಇರಲಿಲ್ಲ. ಆಕೆ ಮತ್ತೆ ಹಾಲು ಹಾಕಲು ಶುರು ಮಾಡಿದ್ದು ಎಷ್ಟೋ ವರ್ಷದ ಮೇಲೆ. ಆಗ ಹೊಸ ಷೇರು, ಹೊಸ ನಂಬರು. ಆದ್ದರಿಂದ ಪುಸ್ತಕದ ಪ್ರಕಾರ ಆಕೆ ಸ್ಥಾಪಕ ಸದಸ್ಯರಲ್ಲ. ಪುಸ್ತಕ ನೋಡಿ ಪಟ್ಟಿ ಮಾಡಿದ ಕಾರ್ಯದರ್ಶಿಯವರದು ತಪ್ಪಿಲ್ಲ.

ಹೋದ ವರ್ಷದ ಹಿಂದಿನ ವರ್ಷ ಆ ತಾಯಿ ತೀರಿಕೊಂಡರು. ನಾವು ಒಂದು ಮಾತು ಕೇಳಿಕೊಳ್ಳಬೇಕಾಗಿತ್ತು, ಕೇಳಿಕೊಳ್ಳಲಿಲ್ಲ. ಅವರ ಸೊಸೆ ಈಗಲೂ ದಿನಾ ಹಾಲು ಹಾಕುತ್ತಾರೆ, ಈ ಸಭೆಯಲ್ಲಿ ಇದ್ದಾರೆ. ಅವರ ಮುಂದೆ ಇವತ್ತು ಹೇಳುತ್ತಿದ್ದೇವೆ: ತಪ್ಪು ನಮ್ಮದು, ಹಾಲು ಶುದ್ಧವಾಗಿತ್ತು.

ಕಂಚಾದ ಮೇಲೆ ತಪ್ಪೂ ಕಂಚೇ ಅಂತ ಎರಕದವರು ಹೇಳಿದರಲ್ಲ, ನಮ್ಮ ಪದಕ ಈಗ ಮೇಣದಲ್ಲಿದೆ. ಹೆಬ್ಬೆಟ್ಟಲ್ಲಿ ಒತ್ತಿ ಸರಿ ಮಾಡುವ ಕಾಲ ಇದೇ.

ಆದ್ದರಿಂದ ಉಪಸಮಿತಿಯ ಸಲಹೆ ಹೀಗಿದೆ. ಪದಕದ ಮುಂದಿನ ಮುಖದಲ್ಲಿ ಸ್ಥಾಪಕ ಅಧ್ಯಕ್ಷರು ಇರಲಿ. ಹಾರ ಬೇಡ, ಪೇಟ ಬೇಡ. ತಲೆಗೆ ಸುತ್ತಿದ ಟವೆಲ್ಲು ಇರಲಿ, ಅವರ ಮನೆಯವರು ಒಪ್ಪಿದ ಹಾಗೆ. ಹಿಂದಿನ ಮುಖದಲ್ಲಿ ಮೇಷ್ಟ್ರು ಬರೆದಿರುವ ಚಿತ್ರ ಇದು, ಸಭೆಯಲ್ಲಿ ಕೈಯಿಂದ ಕೈಗೆ ಕಳಿಸುತ್ತಿದ್ದೇವೆ, ನೋಡಿ. ಎರಡು ಕೈ ಹಾಲು ಕರೆಯುತ್ತಿವೆ, ಕೈಯಲ್ಲಿ ಬಳೆ ಇದೆ, ಮಂಡಿಗಳ ನಡುವೆ ತಂಬಿಗೆ. ಮೇಲೆ ಒಂದು ಬೆಳ್ಳಿಚುಕ್ಕಿ. ನಮ್ಮ ಹೆಣ್ಣುಮಕ್ಕಳು ಏಳುವುದು ಬೆಳ್ಳಿ ಮೂಡಿದಾಗ. ಬೆಳ್ಳಿಹಬ್ಬಕ್ಕೆ ಬೆಳ್ಳಿಚುಕ್ಕಿಗಿಂತ ಬೇರೆ ಗುರುತು ಬೇಕೆ? ಷೇರು ಗಂಡಸರ ಹೆಸರಲ್ಲಿ ಇರಬಹುದು. ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಕೂತ ಕೈ ಯಾರದು ಅಂತ ಹಸುವಿಗೆ ಗೊತ್ತು.

ಚಿತ್ರದ ಕೆಳಗೆ ಒಂದು ಪಟ್ಟಿ ಖಾಲಿ ಬಿಟ್ಟಿದೆ. ಅಲ್ಲಿ ಆಯಾ ಸದಸ್ಯರ ಹೆಸರು ಬರುತ್ತೆ. ಈ ಯೋಚನೆಯೂ ಒಂದು ಹಳೇ ಪದಕ ನೋಡಿಯೇ ಬಂದದ್ದು. ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಒಂದು ಕಂಚಿನ ಫಲಕ ಕಳಿಸಿತು. ಅಗಲ ಸುಮಾರು 12 ಸೆಂಟಿಮೀಟರ್. 1917 ರಲ್ಲಿ ಸ್ಪರ್ಧೆ ಇಟ್ಟು, ಬಂದ ಎಂಟುನೂರಕ್ಕೂ ಹೆಚ್ಚು ನಮೂನೆಗಳಲ್ಲಿ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ ಅನ್ನುವವರದನ್ನು ಆರಿಸಿದರು. ಹದಿಮೂರು ಲಕ್ಷಕ್ಕೂ ಹೆಚ್ಚು ಫಲಕ ಮಾಡಿದರು, ನಮ್ಮ ದೇಶದ ಸೈನಿಕರ ಮನೆಗಳಿಗೂ ಬಂದವು. ಅದರಲ್ಲಿ ಸತ್ತವರ ಮುಖ ಇಲ್ಲ, ಬ್ರಿಟಾನಿಯಾ ದೇವಿ ಮತ್ತು ಸಿಂಹ ಇದೆ. ಸ್ವಾತಂತ್ರ್ಯಕ್ಕಾಗಿ ಮಡಿದ ಅಂತ ಬರೆದಿದೆ. ಸ್ವಾತಂತ್ರ್ಯವೇ ಇಲ್ಲದ ನಮ್ಮವರ ಮನೆಗೆ ಆ ಮಾತು ಬಂದದ್ದು ಹೇಗಿತ್ತೋ! ಆದರೆ ಒಂದನ್ನು ಮಾತ್ರ ಅವರು ಸರಿಯಾಗಿ ಮಾಡಿದ್ದರು. ಒಂದು ಚೌಕದಲ್ಲಿ ಸತ್ತವರ ಹೆಸರು ಇದೆ, ಹುದ್ದೆ ಇಲ್ಲ. ದಂಡನಾಯಕನಾದರೂ ಅಷ್ಟೇ, ಸಿಪಾಯಿಯಾದರೂ ಅಷ್ಟೇ. ಸಾವಿನಲ್ಲಿ ಮೇಲು ಕೀಳು ಇಲ್ಲ ಅಂತ.

ನಮ್ಮಲ್ಲೂ ಹಾಗೇ ಇರಲಿ. ಹೆಸರಿನ ಜೊತೆ ಅಧ್ಯಕ್ಷ, ನಿರ್ದೇಶಕ, ಪಟೇಲ ಯಾವುದೂ ಬೇಡ. ಹತ್ತು ಲೀಟರ್ ಹಾಕಿದವರಿಗೂ ಅದೇ ಪದಕ, ಅರ್ಧ ಲೀಟರ್ ಹಾಕಿದವರಿಗೂ ಅದೇ ಪದಕ. ಮತ್ತು ಪಟ್ಟಿಯಲ್ಲಿ ಐವತ್ತೊಂದಲ್ಲ, ಐವತ್ತೆರಡು ಹೆಸರು ಇರಲಿ. ಮೂರನೇ ವರ್ಷದ ಆ ನಡವಳಿಯನ್ನು ಸಭೆ ಇವತ್ತು ರದ್ದು ಮಾಡಿ, ಆ ತಾಯಿಯ ಹೆಸರನ್ನು ಸ್ಥಾಪಕ ಸದಸ್ಯರ ಪಟ್ಟಿಗೆ ಸೇರಿಸಲು ಒಪ್ಪಿಗೆ ಕೊಡಬೇಕು ಅಂತ ಕೈ ಮುಗಿದು ಕೇಳುತ್ತೇವೆ.

ಹಿಂಡಿಯ ಪ್ರಶ್ನೆ ಕೇಳಿದ ಹಿರಿಯರಿಗೆ ಉತ್ತರ ಕೊಡಬೇಕಲ್ಲ. ಸ್ವಾಮಿ, ತಾವು ಹೇಳಿದ್ದು ನಿಜ, ಹಸು ಇದನ್ನು ತಿನ್ನಲ್ಲ. ಅದಕ್ಕೇ ಹಸುವಿನ ದುಡ್ಡು ಇದಕ್ಕೆ ಹಾಕುವುದಿಲ್ಲ. ಸದಸ್ಯರ ಬೋನಸ್ಸಿನಲ್ಲಿ ಒಂದು ಪೈಸೆ ಮುಟ್ಟುವುದಿಲ್ಲ. ನಿರ್ದೇಶಕರೆಲ್ಲ ಈ ವರ್ಷದ ಸಭಾಭತ್ಯೆ ಬಿಟ್ಟುಕೊಟ್ಟಿದ್ದೇವೆ, ಕಮ್ಮಿ ಬಿದ್ದದ್ದನ್ನು ಕೈಯಿಂದ ಹಾಕುತ್ತೇವೆ. ಖರ್ಚಿನ ಲೆಕ್ಕ ಕಾರ್ಯದರ್ಶಿಯವರ ಮೇಜಿನ ಮೇಲಿದೆ, ಯಾರು ಬೇಕಾದರೂ ನೋಡಬಹುದು.

ಆದರೂ ಪದಕ ಯಾಕೆ ಬೇಕು ಅಂದರೆ, ನಮ್ಮ ಹಿರಿಯರು ಯಾಕೆ ವೀರಗಲ್ಲು ನಿಲ್ಲಿಸಿದರು? ನಮ್ಮ ಮಂಡ್ಯ ಸೀಮೆಯ ಆತಕೂರಿನಲ್ಲಿ, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗೆ ಹತ್ತನೇ ಶತಮಾನದಲ್ಲಿ ಕಲ್ಲು ನಿಲ್ಲಿಸಿದ್ದಾರೆ. ನಾಯಿಯ ಋಣವನ್ನೂ ಮರೆಯದ ನಾಡು ಇದು. ಕಲ್ಲು ನಿಂತ ಕಡೆ ನಿಲ್ಲುತ್ತೆ, ಪದಕ ಮನೆಯಿಂದ ಮನೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಹೋಗುತ್ತೆ. ನಾಳೆ ಮೊಮ್ಮಗಳು ಅದನ್ನು ಕೈಯಲ್ಲಿ ತಿರುಗಿಸಿ, ಇವರ್ಯಾರು, ಈ ಕೈ ಯಾರದು ಅಂತ ಕೇಳಿದರೆ ಮನೆಯವರು ಹೇಳಲೇಬೇಕು. ಹೇಳುವಾಗ ಸಂಘ ಹೇಗೆ ಬೆಳೆಯಿತು ಅನ್ನುವುದೂ ಬರುತ್ತೆ, ಎಲ್ಲಿ ತಪ್ಪಿತು ಅನ್ನುವುದೂ ಬರುತ್ತೆ.

ಕೊನೆಗೆ ಎರಡು ಸಣ್ಣ ಕೋರಿಕೆ. ಪದಕ ಮನೆಗೆ ಬಂದ ಮೇಲೆ ದಯವಿಟ್ಟು ಹುಣಸೇಹಣ್ಣು ಹಾಕಿ ತಿಕ್ಕಬೇಡಿ. ಕಂಚಿಗೆ ವರ್ಷ ಕಳೆದಂತೆ ಕಂದು ಬಣ್ಣದ ಮುಸುಕು ಬರುತ್ತೆ, ಅದೇ ಅದಕ್ಕೆ ಚೆಂದ, ಅದೇ ಅದಕ್ಕೆ ಕಾವಲು. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎರಡನೆಯದು, ಸ್ಥಾಪಕ ಅಧ್ಯಕ್ಷರ ಪಕ್ಕದ ಮುಖ ಕಾಣುವ ಹಳೇ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ, ಮದುವೆ ಫೋಟೋದ ಮೂಲೆಯಲ್ಲಿ ನಿಂತಿದ್ದರೂ ಸರಿ, ಬರುವ ಶುಕ್ರವಾರದ ಒಳಗೆ ಕಾರ್ಯದರ್ಶಿಯವರಿಗೆ ತಲುಪಿಸಿ. ಮೇಣ ಇನ್ನೂ ಮೆತ್ತಗಿದೆ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.